ಕೊನೆಯ ಪುಟ ಮೊದಲು ತೆರೆಯುವ ಕಲಾವತಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅತ್ತಿಗುಪ್ಪೆಯ ಒಂದು ಅಡ್ಡರಸ್ತೆಯ ಮೊದಲ ಮಹಡಿಯ ಮನೆಯಲ್ಲಿ ನನ್ನ ಫೋನನ್ನು ಇಸಿದುಕೊಂಡು ಅಡುಗೆಮನೆಯ ರವೆ ಡಬ್ಬದ ಪಕ್ಕ ಇಟ್ಟಾಗಿದೆ. ಅದಾದ ಮೇಲೆ ಪೆನ್ನಿನ ಸರದಿ, ಆಮೇಲೆ ನೋಟ್‌ಬುಕ್ಕಿನದು. ಇಪ್ಪತ್ತೆರಡು ವರ್ಷಗಳಿಂದ ಕಂಡವರ ಮನೆಗೆ ಹೋಗಿ ಬರೆದುಕೊಂಡು ಬಂದವಳು ನಾನು. ಬಾಗಿಲಲ್ಲೇ ನನ್ನಿಂದ ಪೆನ್ನು ಕಸಿದುಕೊಂಡವರು ಇವರೇ ಮೊದಲು.

“ಬೇಜಾರ್ ಮಾಡ್ಕೋಬೇಡಿ ಮೇಡಂ, ನಮ್ಮ ಯಜಮಾನ್ರಿಗೂ ಇದೇ ರೂಲು. ಆ ರೂಮೊಳಗೆ ಫೋನ್ ಇಲ್ಲ, ಪೆನ್ ಇಲ್ಲ, ಒಂದು ಚೂರು ಪೇಪರ್ ಇಲ್ಲ. ನಂಗೂ ಇಲ್ಲ” ಎನ್ನುತ್ತಾರೆ ಕಲಾವತಿ. ವಯಸ್ಸು ನಲವತ್ತು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದಾರೆ, ನೈಟಿಯ ಮೇಲೊಂದು ಟವೆಲ್ಲು, ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ. ಮನೆಯಲ್ಲೇ ಕೂರುವವರಿಗೆ ಗುರುತಿನ ಚೀಟಿ ಯಾಕೆ ಎಂದರೆ ನಗುತ್ತಾರೆ. “ಇದು ಹಾಕ್ಕೊಂಡ್ರೆ ಸ್ಪಂದನ ಬಂದು ತೊಡೆ ಮೇಲೆ ಕೂರಲ್ಲ. ಅಮ್ಮ ಆಫೀಸಿಗೆ ಹೋಗಿದಾಳೆ ಅಂತ ಅರ್ಥ.”

ಸ್ಪಂದನ ಅವರ ಒಂಬತ್ತು ವರ್ಷದ ಮಗಳು. ನಡುಮನೆಯಲ್ಲಿ ಕಾಲು ಗೋಡೆಗೆ ಚಾಚಿಕೊಂಡು ನಿದ್ದೆ ಹೊಡೆಯುತ್ತಿದ್ದಾಳೆ. ಗಂಡ ಮಹದೇವ್ ಆಗಲೇ ಮನೆ ಬಿಟ್ಟಿದ್ದಾರೆ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗಳಿಂದ ಬಟ್ಟೆಯ ಮೂಟೆಗಳನ್ನು ಹೇರಿಕೊಂಡು ಒಂದು ದಿನ ಹೊಸೂರು, ಇನ್ನೊಂದು ದಿನ ದೊಡ್ಡಬಳ್ಳಾಪುರ ಎಂದು ಗೂಡ್ಸ್ ಗಾಡಿ ಓಡಿಸುವವರು ಅವರು. ಕಲಾವತಿ ಒಳಗೆ ಹೋಗಿ ಬಾಗಿಲನ್ನು ಎರಡು ಬೆರಳಷ್ಟು ಬಿಟ್ಟು ಮುಚ್ಚಿಕೊಳ್ಳುತ್ತಾರೆ. ಹಿಂದೆ ಅಕ್ಕಿಮೂಟೆ ಇಡುತ್ತಿದ್ದ ಕೋಣೆಯದು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಇಲ್ಲಿಂದ ಕಾಣುವುದು ಅವರ ಬಲಮೊಣಕೈ ಮಾತ್ರ. ಒಳಗಿನ ಕಂಪ್ಯೂಟರ್ ಪರದೆಯ ಮೇಲೆ ಏನಿದೆ ಎಂದು ನಾನು ಕೊನೆಯವರೆಗೂ ನೋಡಲಿಲ್ಲ, ನೋಡಲು ಬಿಡಲೂ ಇಲ್ಲ.

ಕೇಳಿಸುವುದು ಮೌಸಿನ ಟಿಕ್ ಟಿಕ್, ಕೀಲಿಮಣೆಯ ಸದ್ದು, ನಡುವೆ ಒಮ್ಮೊಮ್ಮೆ “ಅಯ್ಯೋ ಪಾಪ” ಎಂಬ ಉದ್ಗಾರ. ಐದು ನಿಮಿಷಕ್ಕೊಂದು ‘ಅಯ್ಯೋ ಪಾಪ’ ಬೀಳುತ್ತದೆ. ಹೊರಗೆ ದಿನದ ಮೊದಲ ಮೆಟ್ರೊ ಕಂಬಗಳ ಮೇಲೆ ಸದ್ದು ಮಾಡಿಕೊಂಡು ಹೋಗುತ್ತದೆ. ಅದೇ ಮೆಟ್ರೊ ಹತ್ತಿ ಕೂತರೆ ಒಂದೂಕಾಲು ಗಂಟೆಯಲ್ಲಿ ವೈಟ್‌ಫೀಲ್ಡು, ಅಲ್ಲಿಂದ ಷೇರ್ ಆಟೊದಲ್ಲಿ ಕಲಾವತಿಯವರ ಆಫೀಸು. ಹೋದ ತಿಂಗಳು ಅವರು ಮತ್ತೆ ಆ ಮೆಟ್ರೊ ಹತ್ತಬೇಕಾದ ಪರಿಸ್ಥಿತಿ ಬಂದಿತ್ತು. ಸ್ವಲ್ಪದರಲ್ಲಿ ತಪ್ಪಿತು. ಹೇಗೆ ತಪ್ಪಿತು ಎಂದು ಹೇಳುವುದಕ್ಕೆ ಮೊದಲು ಅವರು ಮಾಡುವ ಕೆಲಸವೇನೆಂದು ಹೇಳಿಬಿಡಬೇಕು, ಯಾಕೆಂದರೆ ಅವರ ಬೀದಿಯಲ್ಲೇ ಅದು ಯಾರಿಗೂ ಗೊತ್ತಿಲ್ಲ.

ಅಮೆರಿಕದ ಯಾವುದೋ ಊರಿನಲ್ಲಿ ಒಬ್ಬರಿಗೆ ಹೊಟ್ಟೆನೋವು ಬರುತ್ತದೆ, ಆಸ್ಪತ್ರೆಗೆ ಹೋಗುತ್ತಾರೆ. ಡಾಕ್ಟರು ನೋಡಿ, ಪರೀಕ್ಷೆ ಮಾಡಿ, ಏನಾಗಿದೆ, ಏನು ಮಾಡಿದೆ ಎಂದು ಬರೆದಿಟ್ಟು ಮನೆಗೆ ಹೋಗುತ್ತಾರೆ. ಆ ಬರಹಕ್ಕೆ ಇವರ ಭಾಷೆಯಲ್ಲಿ ಚಾರ್ಟು ಎಂದು ಹೆಸರು. ವಿಮಾ ಕಂಪನಿಗೆ ಆ ಪುಟಗಳನ್ನೆಲ್ಲ ಓದುವ ವ್ಯವಧಾನ ಇಲ್ಲ. ಅದಕ್ಕೆ ಬೇಕಾದದ್ದು ಅಕ್ಷರ ಮತ್ತು ಅಂಕಿ ಸೇರಿದ ಪುಟ್ಟ ಸಂಕೇತಗಳು. ಚಾರ್ಟು ಓದಿ ಪ್ರತಿಯೊಂದು ಕಾಯಿಲೆಗೂ, ಪ್ರತಿಯೊಂದು ಚಿಕಿತ್ಸೆಗೂ ಸರಿಯಾದ ಸಂಕೇತ ಹಾಕುವವರೇ ಮೆಡಿಕಲ್ ಕೋಡರುಗಳು. ರೋಗಿಗಳ ಗುಟ್ಟು ಹೊರಗೆ ಹೋಗಬಾರದೆಂದೇ ಆ ಕೋಣೆಗೆ ಫೋನು, ಪೆನ್ನು, ಪೇಪರು ನಿಷಿದ್ಧ. ಕಾಯಿಲೆಗಳ ಸಂಕೇತಗಳೇ ಎಪ್ಪತ್ತು ಸಾವಿರಕ್ಕಿಂತ ಹೆಚ್ಚಿವೆ. ಬಾತುಕೋಳಿ ಬಡಿದರೆ ಒಂದು, ಆಮೆ ಕಚ್ಚಿದರೆ ಇನ್ನೊಂದು, ಹಸು ಗುಮ್ಮಿದರೆ ಮತ್ತೊಂದು.

ಹಸುವಿನ ಸಂಕೇತದ ಸುದ್ದಿ ಕೇಳಿ ಕೆಳಮನೆಯ ವಿಮಲಮ್ಮನವರು ಬಿದ್ದು ಬಿದ್ದು ನಕ್ಕಿದ್ದರಂತೆ. ಈ ಮನೆಯ ಮಾಲೀಕರು ಅವರೇ, ಅರವತ್ತೆಂಟು ವರ್ಷ. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದ ಕಾಲದಲ್ಲಿ ಸೊಸೆಯಾಗಿ ಬಂದವರು. “ನಮ್ಮ ಮಾವ ದೊಡ್ಡಹನುಮಯ್ಯನೋರಿಗೆ ಮನೆ ಹಸೂನೇ ಗುಮ್ಮಿ ಮೂರು ಪಕ್ಕೆಲುಬು ಹೋಗಿತ್ತು ಕಣಮ್ಮಾ. ಅರಿಶಿನ ಹಚ್ಚಿದ್ವಿ, ಪಟ್ಟು ಹಾಕಿದ್ವಿ. ನಂಬರು ಯಾರೂ ಕೊಡ್ಲಿಲ್ಲ” ಎಂದು ನನಗೂ ಹೇಳಿದರು.

ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಕಲಾವತಿ ಬಿ.ಎಸ್ಸಿ. ಮುಗಿಸಿ ಮಾಗಡಿ ರಸ್ತೆಯ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಆರು ವರ್ಷ ರಕ್ತ ತೆಗೆಯುತ್ತಿದ್ದರು. ಜೊತೆಯಲ್ಲಿದ್ದವರೊಬ್ಬರು ಕೋಡಿಂಗ್ ಪರೀಕ್ಷೆಯ ದಾರಿ ತೋರಿಸಿದರು. ಎರಡನೇ ಸಲಕ್ಕೆ ಪಾಸು. ಒಂಬತ್ತು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ತೊಂಬತ್ತು ಚಾರ್ಟು ಮುಗಿಸಲೇಬೇಕು, ಒಂದೊಂದು ನಾಲ್ಕು ಪುಟ, ಒಂದೊಂದು ನಲವತ್ತು. ಬೆಳಗ್ಗೆ ಐದಕ್ಕೆ ಕೂತರೆ ಏಳೂವರೆಗೆ ಮಗಳ ಸ್ನಾನ, ತಿಂಡಿ, ಶಾಲೆ. ಮತ್ತೆ ಎಂಟೂವರೆಯಿಂದ ಹನ್ನೆರಡೂವರೆ. ಮತ್ತೆ ಒಂದೂಕಾಲಿನಿಂದ ಮೂರೂವರೆ. ಕಣ್ಣು ಉರಿಯುತ್ತದೆ, ಬಲಗೈ ಮಣಿಕಟ್ಟಿಗೆ ಸದಾ ಒಂದು ಪಟ್ಟಿ.

ಇಷ್ಟೆಲ್ಲ ಮಾಡಿದರೂ ಬೀದಿಯವರ ಪಾಲಿಗೆ ಅವರು ‘ಮನೇಲೇ ಇರೋಳು’. ಎದುರುಮನೆಯ ಪಾರ್ಸೆಲ್ಲು, ಮೂರನೇ ಮನೆಯ ಗ್ಯಾಸ್ ಸಿಲಿಂಡರು, ತಿರುವಿನ ಮನೆಯವರ ಬೀಗದಕೈ ಎಲ್ಲವೂ ಕಲಾವತಿಯ ಸುಪರ್ದಿಗೆ. ಬೇಸತ್ತ ಸ್ಪಂದನ ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಮ್ಮ ಕೆಲಸದಲ್ಲಿದ್ದಾರೆ, ಬೆಲ್ ಒತ್ತಬೇಡಿ’ ಎಂದು ಬರೆದು ಗೇಟಿಗೆ ಕಟ್ಟಿದಳು. ಮಾರನೆಯ ದಿನವೇ ಡೆಲಿವರಿ ಹುಡುಗನೊಬ್ಬ ಬೆಲ್ ಒತ್ತಿ, “ಆಂಟಿ, ಇದ್ರಲ್ಲಿ ಏನೋ ಬರ್ದಿದೆ, ಏನದು?” ಎಂದು ಕೇಳಿದನಂತೆ. ಕನ್ನಡ ಓದಲು ಬರದ ಅವನನ್ನು ಬೈಯುವುದಾದರೂ ಹೇಗೆ! ಆ ರಟ್ಟು ಈಗಲೂ ಗೇಟಿನಲ್ಲಿ ನೇತಾಡುತ್ತಿದೆ.

ಅವರು ಮನೆಯಿಂದ ಕೆಲಸ ಮಾಡುವುದು ಸುಖಕ್ಕಲ್ಲ ಎಂದು ತಿಳಿಯಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. ಸ್ಪಂದನಗೆ ಆಗ ಆರು ವರ್ಷ. ಮಗು ನೀರು ಕುಡಿದದ್ದೇ ಕುಡಿದದ್ದು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ಯೂನಿಫಾರ್ಮು ಸೊಂಟದಿಂದ ಜಾರತೊಡಗಿತು. ಬಿಸಿಲಿಗೆ ಹಾಗಾಗುತ್ತದೆ ಎಂದರು ನೆಂಟರು. ಒಂದು ಮಧ್ಯಾಹ್ನ ಮಗು ತರಗತಿಯಲ್ಲೇ ಎಚ್ಚರ ತಪ್ಪಿತು. ರಕ್ತದ ಸಕ್ಕರೆ ಐನೂರು ದಾಟಿತ್ತು.

ಇದನ್ನು ಹೇಳುವಾಗ ಕಲಾವತಿ ತಮ್ಮನ್ನೇ ಬೈದುಕೊಳ್ಳುತ್ತಾರೆ. “ದಿನಕ್ಕೆ ತೊಂಬತ್ತು ಜನರ ಕಾಯಿಲೆ ಓದ್ತೀನಿ ಮೇಡಂ. ಲ್ಯಾಬಲ್ಲಿ ಎಷ್ಟು ಶುಗರ್ ಟೆಸ್ಟ್ ಮಾಡಿದೀನಿ. ನನ್ ಮಗೂದು ನಂಗೇ ಕಾಣ್ಲಿಲ್ವಲ್ಲ. ಅದೊಂದು ಇವತ್ತಿಗೂ ಚುಚ್ಚುತ್ತೆ.”

ಡಾಕ್ಟರು ಹೇಳಿದ್ದು ಟೈಪ್ ಒನ್ ಡಯಾಬಿಟಿಸ್. ನಮ್ಮಲ್ಲಿ ಮನೆಗೊಬ್ಬರಿಗೆ ಇರುವ ‘ಶುಗರ್’ ಹೆಚ್ಚಾಗಿ ಟೈಪ್ ಟೂ. ಬಹಳ ಮಟ್ಟಿಗೆ ದೊಡ್ಡವರಿಗೆ ಬರುವುದು, ಮಾತ್ರೆ, ಪಥ್ಯ, ವಾಕಿಂಗ್‌ನಲ್ಲಿ ಸಂಭಾಳಿಸಬಹುದು. ಟೈಪ್ ಒನ್ ಹಾಗಲ್ಲ. ಮೈಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಲೇಬೇಕು, ಬದುಕಿರುವವರೆಗೂ. ಅದರಲ್ಲಿ ಒಂದು ಸಲ ಮಧ್ಯಾಹ್ನದ ಊಟಕ್ಕೆ ಮೊದಲು, ಅಂದರೆ ಶಾಲೆಯಲ್ಲಿ.

ಶಾಲೆ ಮನೆಯಿಂದ ಆರು ನಿಮಿಷದ ನಡಿಗೆ. ಸೂಜಿ ಚುಚ್ಚುವ ಜವಾಬ್ದಾರಿ ಟೀಚರುಗಳು ತೆಗೆದುಕೊಳ್ಳುವುದಿಲ್ಲ, ತಾಯಿಯೇ ಬಂದು ಹಾಕಬೇಕು, ಅದಕ್ಕೂ ಡಾಕ್ಟರ ಪತ್ರ ಬೇಕು ಎಂದರು ಮುಖ್ಯೋಪಾಧ್ಯಾಯಿನಿ. ಕಲಾವತಿ ಪತ್ರ ತಂದರು. ಅದರಲ್ಲಿ ‘ಡಯಾಬಿಟಿಸ್ ಇದೆ, ಇನ್ಸುಲಿನ್ ಪಡೆಯುತ್ತಿದ್ದಾಳೆ’ ಎಂದಷ್ಟೇ ಇತ್ತು. ಯಾವ ಡಯಾಬಿಟಿಸ್ ಎಂದು ಸರಿಯಾಗಿ ಬರೆಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಎರಡನೇ ಸಲ ಹೋದರೆ ಡಾಕ್ಟರು ರಜೆ. ಮೂರನೇ ಸಲ ಎರಡು ಗಂಟೆ ಕ್ಯೂನಲ್ಲಿ ನಿಂತು ‘ಟೈಪ್ ಒನ್’ ಎಂಬ ಎರಡು ಪದ ಸೇರಿಸಿಕೊಂಡು ಬಂದರು. ಈ ಪತ್ರದ ವಿಷಯ ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅಲ್ಲಿಂದ ಮುಂದೆ ಕಲಾವತಿ ಮನೆಯಿಂದ ಕೆಲಸ ಮಾಡಲು ಅರ್ಜಿ ಹಾಕಿದರು. ಕಂಪನಿ ಒಪ್ಪಿತು, ಒಂದು ಷರತ್ತಿನೊಂದಿಗೆ. ತಿಂಗಳಿಗೊಮ್ಮೆ ಅವರು ಮುಗಿಸಿದ ಚಾರ್ಟುಗಳಲ್ಲಿ ನೂರನ್ನು ಆರಿಸಿ ಆಡಿಟರು ಪರೀಕ್ಷಿಸುತ್ತಾರೆ. ನೂರಕ್ಕೆ ತೊಂಬತ್ತೈದು ಸರಿಯಿರಬೇಕು. ಒಂದು ತಿಂಗಳು ಕಡಿಮೆಯಾದರೆ ಎಚ್ಚರಿಕೆ, ಸತತ ಎರಡನೇ ತಿಂಗಳೂ ಕಡಿಮೆಯಾದರೆ ಮನೆಯಿಂದ ಮಾಡುವ ಕೆಲಸ ರದ್ದು, ವೈಟ್‌ಫೀಲ್ಡಿಗೆ ಹಾಜರಾಗಬೇಕು.

ಕೋಣೆಯೊಳಗೆ ಫೋನು ಇಲ್ಲವಲ್ಲ, ಶಾಲೆಯಲ್ಲಿ ಮಗುವಿಗೆ ಏನಾದರೂ ಆದರೆ? ಅದಕ್ಕೊಂದು ಏರ್ಪಾಡಿದೆ. ಶಾಲೆಯವರು ಫೋನು ಮಾಡುವುದು ಕೆಳಗಿನ ವಿಮಲಮ್ಮನವರಿಗೆ. ವಿಮಲಮ್ಮ ಕೈಯಲ್ಲಿದ್ದ ಸೌಟಿನಿಂದ ಮಹಡಿಗೆ ಹೋಗುವ ನೀರಿನ ಕಬ್ಬಿಣದ ಪೈಪಿಗೆ ಬಾರಿಸುತ್ತಾರೆ. ಆ ಢಣಢಣ ನೇರವಾಗಿ ಕಲಾವತಿಯ ಗೋಡೆಗೆ ತಾಕುತ್ತದೆ. ಎರಡು ಏಟೆಂದರೆ ‘ಶಾಲೆಯಿಂದ ಫೋನು, ಗಾಬರಿ ಬೇಡ’. ನಿಲ್ಲಿಸದೆ ಬಾರಿಸಿದರೆ ‘ಓಡು’. ಮೂರು ವರ್ಷದಲ್ಲಿ ನಾಲ್ಕು ಸಲ ಓಡಿದ್ದಾರೆ. ಸೊಪ್ಪಿನ ಸಾರು ಸೀದುಹೋಗುತ್ತಿದ್ದರೂ ಹನ್ನೆರಡರಿಂದ ಎರಡರವರೆಗೆ ವಿಮಲಮ್ಮ ಫೋನು ಬಿಟ್ಟು ಕದಲುವುದಿಲ್ಲ. “ಅವ್ಳು ಒಳಗೆ ಏನ್ ಮಾಡ್ತಾಳೋ ನಂಗೊತ್ತಿಲ್ಲ ಕಣಮ್ಮಾ. ಪೈಪು ಬಡಿಯೋದು ನನ್ ಡ್ಯೂಟಿ” ಎನ್ನುತ್ತಾರೆ.

ಇನ್ನು ಹೋದ ತಿಂಗಳ ಕಥೆ. ಅದರ ಹಿಂದಿನ ತಿಂಗಳು ಸ್ಪಂದನಗೆ ಜ್ವರ ಬಂದು ಸಕ್ಕರೆ ಏರಿಳಿದು, ತಾಯಿ ವಾರವಿಡೀ ನಿದ್ದೆಗೆಟ್ಟು ಕೂತು ಕೆಲಸ ಮಾಡಿ, ಫಲಿತಾಂಶ ತೊಂಬತ್ನಾಲ್ಕಕ್ಕೆ ಇಳಿದಿತ್ತು. ಎಚ್ಚರಿಕೆ ಬಂತು. ಈ ಸಲ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಬಂದ ಫಲಿತಾಂಶದಲ್ಲೂ ಆರು ತಪ್ಪು. ಮತ್ತೆ ತೊಂಬತ್ನಾಲ್ಕು! ನಾನು ಸಂದರ್ಶನಕ್ಕೆ ಸಮಯ ಕೇಳಲು ಮೊದಲ ಸಲ ಫೋನು ಮಾಡಿದ್ದು ಅದೇ ಸಂಜೆ, ನನ್ನ ಅದೃಷ್ಟ ನೋಡಿ. “ಗುರುವಾರ ಕಳೀಲಿ ಮೇಡಂ. ಆಮೇಲೆ ನಾನು ಮನೇಲಿ ಇರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ” ಎಂದು ಇಟ್ಟುಬಿಟ್ಟರು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಆಡಿಟರು ಎತ್ತಿ ತೋರಿಸಿದ ತಪ್ಪಿನ ಬಗ್ಗೆ ತಕರಾರಿದ್ದರೆ ನಲವತ್ತೆಂಟು ಗಂಟೆಯೊಳಗೆ ದಾಖಲೆ ಸಮೇತ ಹೇಳಬಹುದು. ಆರರಲ್ಲಿ ಐದನ್ನು ಕಲಾವತಿ ಅಲ್ಲೇ ಒಪ್ಪಿಕೊಂಡರು. ಒಂದರಲ್ಲಿ ಬಲ ಮಂಡಿಯ ನೋವನ್ನು ಎಡ ಮಂಡಿಗೆ ಹಾಕಿದ್ದರು. “ಅದಕ್ಕೆಲ್ಲ ವಾದ ಮಾಡಕ್ಕಾಗುತ್ತಾ? ಪೂರ್ತಿ ನನ್ ತಪ್ಪೇ.” ಉಳಿದದ್ದು ಒಂದು. ಅದೊಂದು ತಪ್ಪಲ್ಲ ಎಂದು ಸಾಧಿಸಿದರೆ ತೊಂಬತ್ತೈದು, ಇಲ್ಲದಿದ್ದರೆ ಮೆಟ್ರೊ.

ಆ ಒಂದು ಚಾರ್ಟಿನ ಬಗ್ಗೆ ಅವರು ಹೇಳಿದ್ದು ಬಹಳ ಕಡಿಮೆ. ಊರಿಲ್ಲ, ಹೆಸರಿಲ್ಲ, ಹುಡುಗನೋ ಹುಡುಗಿಯೋ ಎಂಬುದೂ ಇಲ್ಲ. “ಒಂದು ಮಗು ಅಂತ ಬರೀರಿ, ಸಾಕು.” ಡಾಕ್ಟರು ಆ ಮಗುವಿನ ಬಗ್ಗೆ ‘ಡಯಾಬಿಟಿಸ್, ಇನ್ಸುಲಿನ್ ಪಡೆಯುತ್ತಿದೆ’ ಎಂದು ಬರೆದಿದ್ದರು. ಯಾವ ಟೈಪು ಎಂದು ಬರೆದಿರಲಿಲ್ಲ. ಇಂಥ ಕಡೆ ಕೋಡರುಗಳಿಗೆ ಕಲ್ಲಿನಲ್ಲಿ ಕೆತ್ತಿದಂಥ ಒಂದು ನಿಯಮವಿದೆ. ಡಾಕ್ಟರು ಟೈಪು ಬರೆಯದಿದ್ದರೆ ಅದು ಟೈಪ್ ಟೂ ಎಂದೇ ಹಾಕಬೇಕು. ರೋಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೂ ಅಷ್ಟೇ, ವಯಸ್ಸು ಎಷ್ಟೇ ಇದ್ದರೂ ಅಷ್ಟೇ. ಕೋಡರು ಊಹೆ ಮಾಡುವಂತಿಲ್ಲ. ಒಂಬತ್ತು ವರ್ಷಗಳಲ್ಲಿ ಈ ನಿಯಮವನ್ನು ಸಾವಿರಾರು ಸಲ ಪಾಲಿಸಿದ ಕಲಾವತಿ, ಆ ಮಗುವಿನ ಚಾರ್ಟಿಗೆ ಮಾತ್ರ ಟೈಪ್ ಒನ್ ಎಂದು ಹಾಕಿದ್ದರು.

ಯಾಕೆ ಎಂದು ಕೇಳಿದೆ. “ನಂಗೆ ಹಾಕಿದ್ದೇ ಗೊತ್ತಿಲ್ಲ ಮೇಡಂ. ಮಗು, ಇನ್ಸುಲಿನ್ ಅಂತ ಓದ್ದೆ, ಕೈ ತಾನೇ ಹಾಕ್ಬಿಡ್ತು. ಬೇರೆ ಕೋಡರ್ ಆಗಿದ್ರೆ ಕಣ್ಮುಚ್ಕೊಂಡು ಟೂ ಹಾಕ್ತಿದ್ರು. ನಂಗೆ ಅಲ್ಲಿ ನನ್ ಮಗಳೇ ಕೂತಿದ್ದಂಗಿತ್ತು.”

ಆಡಿಟರಿಗೆ ಹೀಗೆಂದು ಬರೆಯಲಾದೀತೇ? ಮಗುವಿಗೆ ಟೈಪ್ ಟೂ ಬರುವುದು ಅಪರೂಪ ಎಂದು ಮಂಗಳವಾರ ಸಂಜೆ ಬರೆದು ಕಳಿಸಿದರು. ಬುಧವಾರ ಬೆಳಗ್ಗೆ ಉತ್ತರ ಬಂತು. ‘ಅದು ನಿಮ್ಮ ಅಭಿಪ್ರಾಯ. ಡಾಕ್ಟರ ಬರಹ ಎಲ್ಲಿದೆ ತೋರಿಸಿ.’ ಉತ್ತರ ಕೊಟ್ಟವರು ವೀರೇಶ. ಬಾಗಲಕೋಟೆ ಕಡೆಯವರು, ಕೆಂಗೇರಿಯ ಬಾಡಿಗೆ ಮನೆಯಿಂದ ಆಡಿಟ್ ಮಾಡುತ್ತಾರೆ. ಇಬ್ಬರೂ ಮೂರು ವರ್ಷದಿಂದ ಒಂದೇ ತಂಡ, ಮುಖ ನೋಡಿದ್ದು ಒಂದೇ ಸಲ. ನಾನು ಫೋನಿನಲ್ಲಿ ಮಾತಾಡಿಸಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. “ನಮ್ಮ ಕೆಲಸದಾಗ ಮನಸಿನಾಗ ಏನನಿಸ್ತು ಅನ್ನೋದು ಬರೂದಿಲ್ರೀ. ಡಾಕ್ಟರ್ ಬರದಾರೋ ಇಲ್ಲೋ, ಅಷ್ಟ. ಅವರ ಮಗಳ ವಿಷಯ ನನಗ ಗೊತ್ತಿತ್ರೀ. ಗೊತ್ತಿತ್ತು ಅಂತ ಬಿಟ್ರ ನಾ ಆಡಿಟರ್ ಹೆಂಗಾದೇನು?” ಎಂದರು. ಮಾತು ಕಠಿಣವೇ, ಆದರೆ ಅಂದು ರಾತ್ರಿ ತಮಗೂ ಊಟ ಸೇರಲಿಲ್ಲ ಎಂದೂ ಸೇರಿಸಿದರು.

ಈ ಮನೆಯಲ್ಲಿ ಆ ಎರಡು ದಿನ ನಡೆದದ್ದನ್ನು ಕೇಳಿದರೆ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಗಾಡಿಯ ಬಾಡಿಗೆ ಬಿಟ್ಟು ಮಧ್ಯಾಹ್ನ ತಾನೇ ಶಾಲೆಗೆ ಹೋಗುತ್ತೇನೆ ಎಂದರು ಮಹದೇವ್. ಆದರೆ ಸೂಜಿ ಕಂಡರೆ ಅವರಿಗೆ ತಲೆ ಸುತ್ತುತ್ತದೆ. ಹಿಂದೆ ಒಮ್ಮೆ ಹಾಕಲು ಹೋದಾಗ ಮಗಳೇ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಬೇಕಾಯಿತು. ಹೊಸೂರಿನಲ್ಲಿ ಮೂಟೆ ಇಳಿಸುತ್ತಿರುವವರು ಹನ್ನೆರಡೂವರೆಗೆ ಅತ್ತಿಗುಪ್ಪೆಯಲ್ಲಿ ಇರುವುದಾದರೂ ಹೇಗೆ? ಕೆಲಸ ಬಿಡೋಣವೆಂದರೆ ಮಗಳ ಔಷಧಿ, ಸಕ್ಕರೆ ಪರೀಕ್ಷಿಸುವ ಪಟ್ಟಿಗಳ ಖರ್ಚು ನಡೆಯುವುದೇ ಕಲಾವತಿಯ ಸಂಬಳದಲ್ಲಿ.

ಬುಧವಾರ ಬೆಳಗ್ಗೆ ಹತ್ತಕ್ಕೆ ವಿಮಲಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸೌಟಿಲ್ಲ, ಬದಲಿಗೆ ನಾಲ್ಕು ಬದನೆಕಾಯಿ. “ನೋಡು ಕಲಾ, ನೀನು ಆಫೀಸಿಗೆ ಹೋಗೋ ಹಂಗಾದ್ರೆ ಮಧ್ಯಾಹ್ನದ ಸೂಜಿ ನಾನ್ ಹಾಕ್ತೀನಿ. ಇದಕ್ಕೆ ಚುಚ್ಚಿ ತೋರ್ಸು, ಕಲ್ತ್ಕೋತೀನಿ. ಮಗೂಗೇ ಮೊದಲು ಚುಚ್ಚಕ್ಕಾಗುತ್ತೇನೇ?” ಹಳೆಯ ಸಿರಿಂಜಿಗೆ ನೀರು ತುಂಬಿ ಇಬ್ಬರೂ ಬದನೆಕಾಯಿಗೆ ಚುಚ್ಚುತ್ತ ಕೂತರು. ವಿಮಲಮ್ಮನವರ ಕೈ ಗಟ್ಟಿಯಾಗಿಯೇ ಇತ್ತು. ಆದರೆ ಕಣ್ಣಿಗೆ ಪೊರೆ ಬಂದಿದೆ, ಸಿರಿಂಜಿನ ಗೆರೆ ಕಾಣದು. ಆರು ಯೂನಿಟ್ ಎಂದರೆ ಹದಿನಾರು ತುಂಬಿದರು, ಅಷ್ಟು ಇನ್ಸುಲಿನ್ ಹೋದರೆ ಮಗುವಿನ ಜೀವಕ್ಕೇ ಅಪಾಯ. ಕಲಾವತಿ ಅವರ ಕೈಯಿಂದ ಸಿರಿಂಜು ತೆಗೆದುಕೊಂಡು ತಬ್ಬಿಕೊಂಡು ಅತ್ತುಬಿಟ್ಟರು.

ಅಂದು ಹನ್ನೆರಡೂವರೆಗೆ ಎಂದಿನಂತೆ ಶಾಲೆಗೆ ಹೋದರು. ಊಟದ ಗಂಟೆ ಹೊಡೆಯಲು ಐದು ನಿಮಿಷ ಇತ್ತು. ಆಫೀಸು ಕೋಣೆಯ ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದಾಗ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ್ದ ಹಾಳೆಯೊಂದು ಕಣ್ಣಿಗೆ ಬಿತ್ತು. ಅದು ಸ್ಪಂದನಳ ಡಾಕ್ಟರ ಪತ್ರ. ಮೂರು ಸಲ ಅಲೆದು ಬರೆಸಿಕೊಂಡು ಬಂದದ್ದು.

“ಮೂರು ವರ್ಷದಿಂದ ದಿನಾ ಅದೇ ಬೆಂಚಲ್ಲಿ ಕೂರ್ತೀನಿ, ಅದನ್ನ ನೋಡೇ ಇರ್ಲಿಲ್ಲ. ಅವತ್ತು ತಟ್ ಅಂತ ಹೊಳೀತು. ಆ ಮಗೂನೂ ಸ್ಕೂಲಿಗೆ ಹೋಗುತ್ತಲ್ವಾ? ಅಲ್ಲೂ ಮಧ್ಯಾಹ್ನ ಚುಚ್ಬೇಕಲ್ವಾ? ಹಂಗಾದ್ರೆ ಅವ್ರಮ್ಮನೂ ಇಂಥದ್ದೊಂದು ಲೆಟರ್ ಬರೆಸಿರ್ಬೇಕಲ್ವಾ?”

ಮಗಳಿಗೆ ಇನ್ಸುಲಿನ್ ಕೊಟ್ಟು, ಅವಳು ಮೊದಲ ತುತ್ತು ನುಂಗುವುದನ್ನು ನೋಡಿ, ಮನೆಗೆ ಓಡಿದರು. ಪ್ರತಿಯೊಂದು ಚಾರ್ಟಿನ ಬಾಲದಲ್ಲೂ ಸ್ಕ್ಯಾನ್ ಮಾಡಿ ಅಂಟಿಸಿದ ಒಂದಿಷ್ಟು ಪುಟಗಳಿರುತ್ತವೆ. ಒಪ್ಪಿಗೆ ಪತ್ರ, ವಿಮೆ ಕಾರ್ಡಿನ ನಕಲು, ಅವರಿವರ ಸಹಿ. ತೊಂಬತ್ತು ಚಾರ್ಟು ಮುಗಿಸುವ ಆತುರದಲ್ಲಿ ಆ ಕಸವನ್ನು ಯಾವ ಕೋಡರೂ ಓದುವುದಿಲ್ಲ, ಆಡಿಟರೂ ಓದುವುದಿಲ್ಲ. ಕಲಾವತಿ ಒಂದೊಂದಾಗಿ ತೆರೆದರು. ಏನೂ ಸಿಗಲಿಲ್ಲ. ಕೊನೆಯ ಪುಟ, ಅದೂ ತಲೆಕೆಳಗಾಗಿ ಸ್ಕ್ಯಾನ್ ಆಗಿತ್ತು. ತಿರುಗಿಸಿದರು. ಶಾಲೆಯ ನರ್ಸಿಗೆ ಬರೆದ ಪತ್ರ. ಮಧ್ಯಾಹ್ನದ ಊಟಕ್ಕೆ ಮೊದಲು ಇನ್ಸುಲಿನ್ ಕೊಡಬೇಕೆಂಬ ಸೂಚನೆ. ಅದೇ ದಿನದ ತಾರೀಖು, ಅದೇ ಡಾಕ್ಟರ ಸಹಿ. ಮೊದಲ ಸಾಲಿನಲ್ಲೇ ‘ಟೈಪ್ ಒನ್’.

“ಇದ್ದೇ ಇತ್ತು ಮೇಡಂ. ಆ ಅಮ್ಮನ ಕಾಲಿಗೆ ಬೀಳೋಣ ಅನ್ನಿಸ್ತು.”

ಆ ಪುಟ ತೋರಿಸಿ ಒಂದೂವರೆಗೆ ಬರೆದು ಕಳಿಸಿದರು. ಬುಧವಾರ ಉತ್ತರವಿಲ್ಲ. ಗುರುವಾರ ಬೆಳಗ್ಗೆ ಐದಕ್ಕೆ ಕೂತಾಗಲೂ ಇಲ್ಲ. ಚಾರ್ಟಿನ ಮೇಲೆ ಚಾರ್ಟು ಮುಗಿಸುತ್ತ, ನಡುನಡುವೆ ಮೇಲ್ ನೋಡುತ್ತ ಕೂತಿದ್ದರು. ಹನ್ನೊಂದು ಗಂಟೆಗೆ ವೀರೇಶರ ಎರಡು ಸಾಲು ಬಂತು. ‘ತಕರಾರು ಒಪ್ಪಲಾಗಿದೆ. ಅಂತಿಮ ಫಲಿತಾಂಶ 95.’

ಫೋನು ಅಡುಗೆಮನೆಯಲ್ಲಿತ್ತು, ಯಾರಿಗೆ ಹೇಳುವುದು? ಮೇಜಿನ ಮೇಲಿದ್ದ ಸ್ಟೀಲ್ ಲೋಟ ತೆಗೆದುಕೊಂಡು ಹೋಗಿ ಅದೇ ಪೈಪಿಗೆ ಮೇಲಿನಿಂದ ಬಾರಿಸಿದರು. ಒಂದಲ್ಲ, ಎರಡಲ್ಲ, ನಿಲ್ಲಿಸದೇ ಬಾರಿಸಿದರು. ಕೆಳಗೆ ವಿಮಲಮ್ಮ ಒಲೆ ಆರಿಸಿ ಎದ್ದರು. ಮೂರು ವರ್ಷದಲ್ಲಿ ಪೈಪು ಮೇಲಿನಿಂದ ಬಡಿದದ್ದೇ ಇಲ್ಲ. ಸೆರಗು ಸಿಕ್ಕಿಸಿಕೊಂಡು, ಸೌಟು ಹಿಡಿದುಕೊಂಡೇ ಏದುಸಿರಿನಲ್ಲಿ ಮೇಲೆ ಬಂದರು.

“ಏನಾಯ್ತೇ, ಮಗೂಗೇನಾಯ್ತೇ?”

“ಏನೂ ಆಗಿಲ್ಲ ಆಂಟಿ, ಉಳ್ಕೊಂಡೆ! ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ!”

“ಥೂ ನಿನ್ನ! ಹಿಂಗಾ ಬಡಿಯೋದು? ನನ್ ಜೀವ ಹೋಗಿ ಬಂತಲ್ಲೇ” ಎಂದು ಬೈದು ವಿಮಲಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರಂತೆ. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಚುಚ್ಚಿಸಿಕೊಂಡ ನಾಲ್ಕು ಬದನೆಕಾಯಿಗಳು ಆ ರಾತ್ರಿ ಎಣ್ಣೆಗಾಯಿಯಾದವು. ಮಹದೇವ್ ಮೂರು ಮುದ್ದೆ ಉಂಡರೆಂದು ಸ್ಪಂದನ ನನಗೆ ಚಾಡಿ ಹೇಳಿದಳು.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತದೆ. ಆದರೆ ಕಲಾವತಿ ಬಿಡಲಿಲ್ಲ. “ಇದೂ ಬರೀರಿ ಮೇಡಂ. ಟೈಪ್ ಒನ್ ಹಾಕ್ದಾಗ ನಾನು ಆ ಲೆಟರ್ ನೋಡಿರ್ಲಿಲ್ಲ. ಉತ್ತರ ಸರಿ, ಬರೆದ ರೀತಿ ತಪ್ಪು. ನಾಳೆ ಇನ್ನೊಂದು ಮಗುಗೆ ಹಿಂಗೇ ಊಹೆ ಮಾಡಿ, ಅದಕ್ಕೆ ನಿಜವಾಗ್ಲೂ ಟೂ ಇದ್ರೆ? ಇಲ್ಲದ ಕಾಯಿಲೆ ಆ ಮಗು ಹೆಸರಿಗೆ ಅಂಟ್ಕೊಂಡು ಬಿಡುತ್ತೆ.” ಇದನ್ನೇ ಅವರು ಗುರುವಾರ ಸಂಜೆ ವೀರೇಶರಿಗೂ ಫೋನು ಮಾಡಿ ಹೇಳಿದರು. ಕೈಗೆ ಬಂದ ತೊಂಬತ್ತೈದು ಮತ್ತೆ ತಪ್ಪಿಹೋಗಬಹುದು ಎಂಬ ಅಳುಕಿದ್ದರೂ ಹೇಳಿದರು. ವೀರೇಶರ ಉತ್ತರ ಇಷ್ಟೇ. “ನಾ ನೋಡೂದು ಸಂಕೇತಕ್ಕ ದಾಖಲೆ ಅದನೋ ಇಲ್ಲೋ ಅಂತ. ಅದ. ಆ ಪುಟ ನಾನೂ ತಗದು ನೋಡಿದ್ದಿಲ್ಲಲ್ರೀ. ಇನ್ನ ಮ್ಯಾಲೆ ಇಬ್ರೂ ಪೂರಾ ಓದೂಣು.”

ಹನ್ನೆರಡೂವರೆಗೆ ನಾನೂ ಅವರ ಜೊತೆ ಶಾಲೆಗೆ ಹೊರಡುತ್ತೇನೆ. ಗುರುತಿನ ಚೀಟಿ ತೆಗೆದು ಮೊಳೆಗೆ ನೇತುಹಾಕಿ, ಸೀರೆ ಉಟ್ಟು, ಇನ್ಸುಲಿನ್ ಚೀಲ ಹಿಡಿದು ಮೆಟ್ಟಿಲು ಇಳಿಯುತ್ತಾರೆ. ಕೆಳಗೆ ವಿಮಲಮ್ಮ ಫೋನಿನ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ. ಶಾಲೆಯಲ್ಲಿ ಸ್ಪಂದನ ತಾನೇ ಬೆರಳಿಗೆ ಚುಚ್ಚಿ ರಕ್ತದ ಹನಿಯನ್ನು ಪಟ್ಟಿಗೆ ತಾಕಿಸುತ್ತಾಳೆ, ತಾಯಿ ಸಂಖ್ಯೆ ಓದುವ ಮೊದಲೇ ಓದುತ್ತಾಳೆ. “ಅಮ್ಮಾ, ಇವತ್ತು ಎರಡೇ ಚಪಾತಿ, ಐದು ಯೂನಿಟ್ ಸಾಕು ಕಣೇ.” ಲೆಕ್ಕ ಸರಿಯಾಗಿದೆ. ಇಡೀ ಕೆಲಸಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ. ಈ ನಾಲ್ಕು ನಿಮಿಷಕ್ಕಾಗಿಯೇ ಆ ಎರಡು ದಿನದ ಪರದಾಟವೆಲ್ಲ.

ವಾಪಸು ಬರುವಾಗ ಏನಾಸೆ ಎಂದು ಕೇಳುತ್ತೇನೆ. ಈ ಪ್ರಶ್ನೆ ಕೇಳದೆ ಇಂಥ ಲೇಖನ ಮುಗಿಯುವುದಿಲ್ಲವಲ್ಲ. “ಅಲ್ಲೆಲ್ಲ ಸ್ಕೂಲಿಗೊಬ್ರು ನರ್ಸ್ ಇರ್ತಾರೆ ಅಂತ ಚಾರ್ಟಲ್ಲಿ ಓದ್ತಿರ್ತೀನಿ. ನಮ್ ಸ್ಕೂಲಿಗೂ ಒಬ್ರು ಬಂದ್ರೆ ಸಾಕು. ನನ್ ಮಗಳು ಇನ್ನೊಂದು ವರ್ಷಕ್ಕೆ ತಾನೇ ಹಾಕ್ಕೋತಾಳೆ ಬಿಡಿ, ಮುಂದಿನ ಮಕ್ಕಳಿಗೆ ಆಗುತ್ತೆ” ಎನ್ನುತ್ತಾರೆ.

ಒಂದೂಕಾಲಿಗೆ ಮತ್ತೆ ಕೊರಳಿಗೆ ಗುರುತಿನ ಚೀಟಿ ಬೀಳುತ್ತದೆ. 38 ಚಾರ್ಟು ಬಾಕಿ. ನಾನು ರವೆ ಡಬ್ಬದ ಪಕ್ಕದಿಂದ ಫೋನು, ಪೆನ್ನು, ನೋಟ್‌ಬುಕ್ಕು ತೆಗೆದುಕೊಂಡು ಹೊರಡುವಾಗ, ಬಾಗಿಲು ಮುಚ್ಚಲು ಹೋದವರು ಏನೋ ನೆನಪಾಗಿ ನಿಲ್ಲುತ್ತಾರೆ.

“ಈಗ ಮಕ್ಕಳ ಚಾರ್ಟ್ ಬಂದ್ರೆ ಮೊದಲು ಕೊನೇ ಪುಟಾನೇ ತೆಗೀತೀನಿ ಮೇಡಂ. ಎಲ್ಲೋ ಒಬ್ಬಳು ಅಮ್ಮ ಕ್ಯೂ ನಿಂತು ಬರೆಸಿರ್ತಾಳಲ್ಲ, ಅದನ್ನ ಒಬ್ರಾದ್ರೂ ಓದ್ಬೇಕು.”